ಹೊಟ್ಟೆ, ಜಠರ, ಆಮಾಶಯ: ಮಕ್ಕಳ ಫೀಡಿಂಗ್ ಟ್ಯೂಬಿನ ಮಾಹಿತಿ ಹಾಳೆಗೆ ಯಾವ ಪದ?

ಪ್ರಶ್ನೆ: ನುಂಗಲಾಗದ ಎಳೆಮಕ್ಕಳಿಗೆ ಹೊಟ್ಟೆಯ ಮೇಲೆ ತೂತು ಮಾಡಿ ಟ್ಯೂಬ್ ಇಡುವ ಗ್ಯಾಸ್ಟ್ರೊಸ್ಟಮಿ ಆಪರೇಷನ್ ಬಗ್ಗೆ ಮಂಜೇಶ್ವರ, ಕುಂಬಳೆ ಕಡೆಯ ಮನೆಯವರಿಗೆ ಕೊಡುವ ಹಾಳೆ ಮಲಯಾಳದಿಂದ ಕನ್ನಡಕ್ಕೆ ಆಗಬೇಕು. ಮೂಲದಲ್ಲಿ 'ವಯರ್' (ಇಡೀ ಹೊಟ್ಟೆ), 'ಆಮಾಶಯಂ' (ಜಠರ) ಎಂದು ಎರಡು ಪದ. ನಮಗೆ ಎರಡಕ್ಕೂ 'ಹೊಟ್ಟೆ' ಸಾಲದೇ? 'ಜಠರ' ಪಾಠಪುಸ್ತಕದ ಮಾತಾಯಿತು. 'ಆಸ್ಪಿರೇಶನ್'ಗೆ, ಅಂದರೆ ಹಾಲೋ ಜೊಲ್ಲೋ ಉಸಿರಿನ ದಾರಿಗೆ ಹೋಗುವುದಕ್ಕೆ, 'ನೆತ್ತಿಗೆ ಹತ್ತುವುದು' ಎಂದರಾದೀತೇ?

ಉತ್ತರ: ಮಾಸ್ಟ್ರೇ, ಸಾಲದು. ಅಪಾಯ ಇರುವುದೇ ಆ ಎರಡರ ನಡುವೆ. ಆಪರೇಷನ್ ಆದ ಮೊದಲ ಕೆಲವು ವಾರ ಜಠರ ಹೊಟ್ಟೆಯ ಗೋಡೆಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ಆಗ ಕಳಚಿದ ಟ್ಯೂಬನ್ನು ಮನೆಯಲ್ಲೇ ತೂರಿಸಿದರೆ ಅದು ಜಠರ ತಪ್ಪಿ ಕರುಳಿನ ಸುತ್ತಲಿನ ಜಾಗಕ್ಕೆ ಇಳಿಯಬಹುದು. ಅಲ್ಲಿಗೆ ಹಾಲು ಬಿಟ್ಟರೆ ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ), ಜೀವಕ್ಕೇ ಸಂಚಕಾರ. 'ಟ್ಯೂಬ್ ಹೊಟ್ಟೆಯೊಳಗೆ ಇದೆಯೇ ನೋಡಿ' ಎಂದು ಬರೆದರೆ ತಾಯಿ 'ಇದೆ' ಎಂದಾಳು; ಅವಳ ಮಾತು ಸುಳ್ಳೂ ಅಲ್ಲ! ಹಾಗಾಗಿ ಮೊದಲ ಸಲ 'ಜಠರ, ಅಂದರೆ ಉಂಡದ್ದು ಹೋಗಿ ಸೇರುವ ಚೀಲ' ಎಂದು ಬರೆದು ಮುಂದೆ ಜಠರವನ್ನೇ ಬಳಸಿ. 'ಆಮಾಶಯ' ಕನ್ನಡದಲ್ಲೂ ಇದೆ, ಮಲಯಾಳದ್ದೆಂದು ತಳ್ಳಬೇಕಿಲ್ಲ. ಆದರೆ ಒಂದೇ ಹಾಳೆಯಲ್ಲಿ ಎರಡೂ ಬೇಡ.

ಗಾಯ ಮಾಗಿದ ಮೇಲೂ ಟ್ಯೂಬ್ ಕಳಚಿದರೆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. 'ಬೇಗ ಬನ್ನಿ' ಎನ್ನಬೇಡಿ, 'ಕೂಡಲೇ, ರಾತ್ರಿಯಾದರೂ' ಎಂದೇ ಬರೆಯಿರಿ.

'ನೆತ್ತಿಗೆ ಹತ್ತುವುದು' ಎಲ್ಲರ ಬಾಯಲ್ಲಿರುವ ಮಾತು ಹೌದು, ಆದರೆ ಅದರಲ್ಲಿ ಕೆಮ್ಮು ಸೇರಿಕೊಂಡಿದೆ. ಎಷ್ಟೋ ಶಿಶುಗಳಲ್ಲಿ ಹಾಲು ಕೆಮ್ಮಿಲ್ಲದೆಯೇ ಶ್ವಾಸನಾಳಕ್ಕೆ ಇಳಿಯುತ್ತದೆ; ಪದೇ ಪದೇ ಕಾಡುವ ಕಫ, ನ್ಯುಮೋನಿಯಾದಿಂದಷ್ಟೇ ಗೊತ್ತಾಗುವುದುಂಟು. 'ಶ್ವಾಸನಾಳಕ್ಕೆ ಇಳಿಯುವುದು' ಎಂದೇ ಇರಲಿ. ಟ್ಯೂಬ್ ಹಾಕಿದರೆ ಇದು ಪೂರ್ತಿ ನಿಲ್ಲುತ್ತದೆಂಬ ಅರ್ಥ ಎಲ್ಲೂ ಬರಬಾರದು. ಜೊಲ್ಲು ಇಳಿಯಬಹುದು, ಜಠರದಿಂದ ಮೇಲೆ ಬಂದ ಹಾಲೂ ಇಳಿಯಬಹುದು.

ಹಾಲು ಮೇಲೆ ಬಾರದಂತೆ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಶನ್ ಕೂಡ ಆಗಿದ್ದರೆ ಮಗುವಿಗೆ ತೇಗುವುದು ಕಷ್ಟ, ಹೊಟ್ಟೆ ಉಬ್ಬರಿಸುತ್ತದೆ. ಅಲ್ಲಿ 'ಟ್ಯೂಬಿನಿಂದ ಗಾಳಿ ಬಿಡಿ' ಎಂದರೆ ಕೆಲವರು ಗಾಳಿ ಒಳಕ್ಕೆ ತಳ್ಳಿಯಾರು, ಇನ್ನು ಕೆಲವರು ನಕ್ಕಾರು. 'ದಂಡ ತೆಗೆದ ಸಿರಿಂಜನ್ನು ಟ್ಯೂಬಿಗೆ ಜೋಡಿಸಿ ಮೇಲಕ್ಕೆತ್ತಿ ಹಿಡಿಯಿರಿ, ಜಠರದ ಗಾಳಿ ತಾನಾಗಿ ಹೊರಗೆ ಬರುತ್ತದೆ' ಎಂದು ಬಿಡಿಸಿ ಬರೆಯಿರಿ.