ಪಾಳಿಯೊಂದಕ್ಕೆ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಮನವಿಯಲ್ಲಿ ಏನೆಂದು ಬರೆಯಬೇಕು?

ವರದಾತೀರ (ಹಾವೇರಿ ಜಿಲ್ಲೆ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಮ್ಮ ವಾರ್ಡಿನಲ್ಲಿರುವುದು 30 ಮಂಚ. ಮಳೆಗಾಲದಲ್ಲಿ ಡೆಂಗಿ, ವಾಂತಿಭೇದಿ ಪ್ರಕರಣಗಳು ಏರತೊಡಗಿದರೆ ನೆಲದ ಮೇಲೂ ಹಾಸಿಗೆ ಹಾಸಬೇಕಾಗುತ್ತದೆ. ರಾತ್ರಿ ಪಾಳಿಯಲ್ಲಿ ಅಷ್ಟೂ ರೋಗಿಗಳಿಗೆ ಬಹುತೇಕ ಒಬ್ಬರೇ ನರ್ಸ್ ಇರುತ್ತೇವೆ. ಇನ್ಸುಲಿನ್ ಕೊಡುವಾಗ ಡೋಸನ್ನು ಇನ್ನೊಬ್ಬರು ನೋಡಿ ಖಚಿತಪಡಿಸಬೇಕೆಂದು ನಮಗೆ ಕಲಿಸಿದ್ದಾರೆ, ಆದರೆ ಆ ಇನ್ನೊಬ್ಬರು ವಾರ್ಡಿನಲ್ಲಿ ಇರುವುದಿಲ್ಲ. ಲಕ್ವ ಹೊಡೆದು ಮಲಗಿದವರಿಗೆ ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು; ಒಬ್ಬರಿಂದ ಅದು ಆಗುವ ಕೆಲಸವಲ್ಲ, ಕೊನೆಗೆ ರೋಗಿಯ ಮನೆಯವರನ್ನೇ ಎಬ್ಬಿಸುತ್ತೇವೆ.

ಸಹೋದ್ಯೋಗಿಗಳೆಲ್ಲ ಸೇರಿ ಜಿಲ್ಲಾಧಿಕಾರಿಗಳಿಗೂ ಆರೋಗ್ಯ ಇಲಾಖೆಗೂ ಮನವಿ ಕೊಡಬೇಕೆಂದಿದ್ದೇವೆ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ 1:5 ಅನುಪಾತವನ್ನು (ಐದು ರೋಗಿಗಳಿಗೆ ಒಬ್ಬ ನರ್ಸ್) ಪಾಲಿಸಬೇಕೆಂದು ಬರೆಯೋಣ ಎಂದು ಕೆಲವರು ಹೇಳಿದರು. ಆದರೆ ಮೇಲಿನವರನ್ನು ಬಾಯಿಮಾತಿನಲ್ಲಿ ವಿಚಾರಿಸಿದಾಗ, ಆ ಅನುಪಾತದ ಪ್ರಕಾರ ನಮ್ಮ ವಾರ್ಡಿನಲ್ಲಿ ಕೊರತೆಯೇ ಇಲ್ಲ ಎಂಬ ಉತ್ತರ ಬಂತು. ರಾತ್ರಿಯೆಲ್ಲ ಒಬ್ಬರೇ ಓಡಾಡುವ ವಾರ್ಡಿನಲ್ಲಿ ಕೊರತೆಯಿಲ್ಲ ಎನ್ನುವುದು ಹೇಗೆ ಸಾಧ್ಯ? ಇನ್ನೊಂದು ಸಂದೇಹ: ನಾವು ಬಹಿರಂಗವಾಗಿ ಮಾತನಾಡಿದರೆ ಸರ್ಕಾರಿ ನೌಕರರ ನಡತೆ ನಿಯಮಗಳ ತೊಡಕು ಬರಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಸಾಧನಕೇರಿ ಅಕ್ಕ (ಧಾರವಾಡ), ಉತ್ತರ:

ತಂಗಿ, ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ನಿಮಗೆ ಬಂದ ಉತ್ತರ ಅವರ ಲೆಕ್ಕದ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ತೊಡಕಿರುವುದು ಆ ಲೆಕ್ಕ ಹಾಕುವ ರೀತಿಯಲ್ಲಿ.

ಕೌನ್ಸಿಲ್ಲಿನ ಮಾನದಂಡದಲ್ಲಿ ಸಾಮಾನ್ಯ ವಾರ್ಡಿಗೆ ಬೋಧಕ ಆಸ್ಪತ್ರೆಗಳಲ್ಲಿ 1:3, ಇತರ ಆಸ್ಪತ್ರೆಗಳಲ್ಲಿ 1:5, ತೀವ್ರ ನಿಗಾ ಘಟಕಕ್ಕೆ 1:1, ಅದರ ಮೇಲೆ ರಜೆಗೆಂದು ಶೇ. 30ರಷ್ಟು ಮೀಸಲು ಎಂದಿದೆ. ಇದನ್ನು ಒಟ್ಟು ಹುದ್ದೆಗಳಿಗೆ ಅನ್ವಯಿಸಬೇಕೋ, ಪ್ರತಿ ಪಾಳಿಗೆ ಅನ್ವಯಿಸಬೇಕೋ ಎಂಬಲ್ಲಿ ಇಡೀ ವ್ಯತ್ಯಾಸ ಅಡಗಿದೆ. ಹಳೆಯ ಸರ್ಕಾರಿ ಸಮಿತಿಗಳ ಶಿಫಾರಸಿನಲ್ಲಿ 1:3ರ ಪಕ್ಕದಲ್ಲೇ ‘ಅಥವಾ ಪ್ರತಿ ಪಾಳಿಗೆ 1:9’ ಎಂದು ಬರೆದದ್ದುಂಟು. ಅಂದರೆ ದಿನದ ಮೂರೂ ಪಾಳಿಗಳ ನರ್ಸುಗಳನ್ನು ಒಟ್ಟುಗೂಡಿಸಿ ಮಂಚಗಳಿಗೆ ಹಂಚಿದ ಸಂಖ್ಯೆ ಅದು. ಆದರೆ ರೋಗಿಗೆ ಬೇಕಾದಾಗ ಒದಗಬೇಕಾದವಳು ಆ ಹೊತ್ತಿಗೆ ವಾರ್ಡಿನಲ್ಲಿರುವ ನರ್ಸ್. ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಹೋದವಳನ್ನು ರಾತ್ರಿಯ ಲೆಕ್ಕಕ್ಕೆ ಹಿಡಿದು ಪ್ರಯೋಜನವಿಲ್ಲ.

ನಿಮ್ಮ ವಾರ್ಡನ್ನೇ ತೆಗೆದುಕೊಳ್ಳಿ. 30 ಮಂಚಕ್ಕೆ ಒಟ್ಟು ಹುದ್ದೆಗಳ ಮೇಲೆ 1:5 ಎಂದರೆ 6 ಜನ. ವಾರದಲ್ಲಿ 21 ಪಾಳಿಗಳಿವೆ. ಒಬ್ಬರಿಗೆ ವಾರಕ್ಕೆ 6 ಡ್ಯೂಟಿಯಂತೆ ಆರು ಜನರಿಂದ 36 ಡ್ಯೂಟಿ. ಯಾರೂ ಒಂದು ದಿನವೂ ರಜೆ ಹಾಕದಿದ್ದರೆ 15 ಪಾಳಿಗಳಲ್ಲಿ ಇಬ್ಬರು, ಉಳಿದ 6 ಪಾಳಿಗಳಲ್ಲಿ ಒಬ್ಬರು ಇರುತ್ತಾರೆ. ಒಬ್ಬರೇ ಇರುವ ಆ ಪಾಳಿಗಳು ಸಾಮಾನ್ಯವಾಗಿ ರಾತ್ರಿಯವೇ ಆಗಿರುತ್ತವೆ. ಇನ್ನು ಪ್ರತಿ ಪಾಳಿಗೂ 1:5 ಇರಬೇಕೆಂದರೆ ಪಾಳಿಗೆ 6 ಜನ, ವಾರಕ್ಕೆ 126 ಡ್ಯೂಟಿ, ಅದಕ್ಕೆ 21 ಜನ, ರಜಾ ಮೀಸಲು ಸೇರಿಸಿದರೆ ಸುಮಾರು 27 ಜನ ಬೇಕು. ವಾರ್ಡೂ ಒಂದೇ, ಅನುಪಾತವೂ ಒಂದೇ. ಒಂದು ಲೆಕ್ಕದಲ್ಲಿ 6 (ರಜಾ ಮೀಸಲು ಸೇರಿಸಿದರೂ 8), ಇನ್ನೊಂದರಲ್ಲಿ 27. ಇನ್‌ಚಾರ್ಜ್ ಸಿಸ್ಟರನ್ನು ಎರಡರಲ್ಲೂ ಸೇರಿಸಿಲ್ಲ. ಇಂಡೆಂಟು (ಸಾಮಗ್ರಿಗಳ ಬೇಡಿಕೆ ಪಟ್ಟಿ), ರೋಸ್ಟರು (ಡ್ಯೂಟಿ ಪಟ್ಟಿ), ರಿಜಿಸ್ಟರುಗಳಲ್ಲಿ ಅವರ ದಿನ ಕಳೆಯುತ್ತದೆ.

ಆದ್ದರಿಂದ ಮನವಿಯಲ್ಲಿ ಬರಿಯ ‘1:5 ಪಾಲಿಸಿ’ ಎಂದು ಬರೆಯಬೇಡಿ. ‘ಪ್ರತಿ ಪಾಳಿಯಲ್ಲಿ, ಹಾಜರಿರುವ ಒಬ್ಬ ನೋಂದಾಯಿತ ನರ್ಸಿಗೆ, ಆ ಹೊತ್ತಿಗೆ ದಾಖಲಾಗಿರುವ ಇಷ್ಟು ರೋಗಿಗಳಿಗಿಂತ ಹೆಚ್ಚು ಇರಬಾರದು’ ಎಂದು ಬಿಡಿಸಿ ಬರೆಯಿರಿ. ಮಂಜೂರಾದ ಮಂಚಗಳ ಲೆಕ್ಕ ಹಿಡಿದರೆ ನೆಲದ ಮೇಲೆ ಮಲಗಿದವರು ಯಾರ ಲೆಕ್ಕಕ್ಕೂ ಬರುವುದಿಲ್ಲ; ರಾತ್ರಿ ಹನ್ನೆರಡರ ಸೆನ್ಸಸ್, ಅಂದರೆ ಆ ಹೊತ್ತಿಗೆ ವಾರ್ಡಿನಲ್ಲಿರುವ ರೋಗಿಗಳ ಎಣಿಕೆ, ಆಧಾರವಾಗಲಿ. ಕಲಿಯಲು ಬಂದ ವಿದ್ಯಾರ್ಥಿಗಳನ್ನು ಸಿಬ್ಬಂದಿಯ ಸಂಖ್ಯೆಯಲ್ಲಿ ಸೇರಿಸಬಾರದೆಂದೂ ನಮೂದಿಸಿ. ನಮ್ಮ ಭಾಗದಲ್ಲಿ ನರ್ಸಿಂಗ್ ಕಾಲೇಜುಗಳು ಹೆಚ್ಚಿರುವುದರಿಂದ ಈ ಮಾತು ಬಹಳ ಮುಖ್ಯ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1999ರಲ್ಲಿ ಕಾನೂನಾಗಿ 2004ರಿಂದ ಜಾರಿಗೆ ಬಂದ ಅನುಪಾತ ಹೀಗೆಯೇ ಇದೆ: ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡಿನಲ್ಲಿ ಈಗ ಒಬ್ಬ ನರ್ಸಿಗೆ ಹೆಚ್ಚೆಂದರೆ 5 ರೋಗಿಗಳು, ಮಕ್ಕಳ ವಾರ್ಡಿನಲ್ಲಿ 4, ತೀವ್ರ ನಿಗಾ ಘಟಕದಲ್ಲಿ 2. ಅದು ಎಲ್ಲ ಹೊತ್ತಿಗೂ ಅನ್ವಯಿಸುತ್ತದೆ. ನರ್ಸ್ ಊಟಕ್ಕೆ ಎದ್ದರೆ ಅವಳ ರೋಗಿಗಳನ್ನು ಇನ್ನೊಬ್ಬಳ ಮೇಲೆ ಹೇರಿ ಮಿತಿ ಮೀರುವಂತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2016ರಿಂದ ಗೊತ್ತುಪಡಿಸಿದ ವಾರ್ಡುಗಳಲ್ಲಿ ಬೆಳಗ್ಗೆ, ಮಧ್ಯಾಹ್ನ 1:4, ರಾತ್ರಿ 1:7 ಎಂದು ಪಾಳಿವಾರು ಗೊತ್ತುಮಾಡಿದ್ದಾರೆ. ನಮ್ಮಲ್ಲಿ ನಾಳೆಯೇ ಅಷ್ಟಾಗಲಿ ಎಂದು ನಾನು ಹೇಳುತ್ತಿಲ್ಲ. ಮೊದಲ ಹಂತಕ್ಕೆ ರಾತ್ರಿ ಪಾಳಿಯಲ್ಲಿ ಯಾವ ವಾರ್ಡಿನಲ್ಲೂ ಇಬ್ಬರಿಗಿಂತ ಕಡಿಮೆ ನರ್ಸುಗಳು ಇರಕೂಡದು ಎಂದು ಕೇಳಿ, ಮುಂದಿನ ಹಂತಗಳಿಗೆ ಕಾಲಮಿತಿ ಬೇಡಿ.

ನಡತೆ ನಿಯಮದ ಬಗ್ಗೆ: ಮನವಿಯನ್ನು ಸಂಘದ ಮೂಲಕ, ಮೇಲಧಿಕಾರಿಗಳ ಮುಖಾಂತರವೇ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಪತ್ರಿಕೆಗೆ ನೀವೇ ಹೇಳಿಕೆ ಕೊಡಬೇಡಿ. ರೋಗಿಯ ಹೆಸರಾಗಲಿ, ಕೇಸ್ ಶೀಟಿನ ಫೋಟೋ ಆಗಲಿ ಎಲ್ಲಿಯೂ ಹೊರಬರಬಾರದು.

ಮುಂಡರಗಿಯ ಓದುಗ (ಗದಗ ಜಿಲ್ಲೆ), ಉತ್ತರ:

ನಾನು ಆಸ್ಪತ್ರೆಯ ಕೆಲಸದವನಲ್ಲ, ರೋಗಿಯ ಮಗ. ನಮ್ಮ ತಾಯಿಯವರನ್ನು ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದಾಗ ರಾತ್ರಿ ನಾನೇ ಜೊತೆಗಿರುತ್ತಿದ್ದೆ. ಒಮ್ಮೆ ಕಣ್ಣು ಹತ್ತಿ ಎಚ್ಚರಾದಾಗ ಸಲಾಯಿನ್ ಬಾಟಲಿ ಪೂರ್ತಿ ಬರಿದಾಗಿ, ನಳಿಕೆಯಲ್ಲಿ ರಕ್ತ ಗೇಣುದ್ದ ಹಿಂದಕ್ಕೆ ಏರಿತ್ತು. ಸಿಸ್ಟರ್ ಅವರನ್ನು ಹುಡುಕಿಕೊಂಡು ಹೋದರೆ ಅವರು ವಾರ್ಡಿನ ಇನ್ನೊಂದು ತುದಿಯಲ್ಲಿ ಉಸಿರಾಟದ ತೊಂದರೆಯಾದ ಅಜ್ಜನೊಬ್ಬರಿಗೆ ಆಕ್ಸಿಜನ್ ಮಾಸ್ಕ್ ಹಿಡಿದು ನಿಂತಿದ್ದರು. ಅಲ್ಲಿಂದಲೇ ನಳಿಕೆಯ ಗಾಲಿಯನ್ನು ಕೆಳಗೆ ತಿರುಗಿಸಿ ಬಂದ್ ಮಾಡಿರಿ ಎಂದು ಹೇಳಿದರು. ಆ ಅಜ್ಜನನ್ನು ಬಿಟ್ಟು ಬರಬೇಕಿತ್ತು ಎಂದು ನಾನು ಹೇಗೆ ಹೇಳಲಿ? ಅಂಥ ಹೊತ್ತಿನಲ್ಲಿ ಸಂಬಂಧಿಕರು ಸಿಸ್ಟರ್‌ಗಳ ಮೇಲೆಯೇ ಕೂಗಾಡುವುದನ್ನು ಕಂಡಿದ್ದೇನೆ. ಆ ಸಿಟ್ಟು ಹುದ್ದೆ ತುಂಬದವರ ಕಡೆಗೆ ತಿರುಗಬೇಕು.

ನೌಕರರಿಗೆ ಅಂಜಿಕೆಯಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ನಮ್ಮಂಥ ನಾಗರಿಕರು ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳ ಒಳಗಿರಬೇಕಾದ್ದರಿಂದ ಎಲ್ಲವನ್ನೂ ಒಂದರಲ್ಲೇ ತುಂಬಬಾರದು. ಯಾವುದಾದರೂ ಒಂದು ತಿಂಗಳ ಪಾಳಿವಾರು ಡ್ಯೂಟಿ ರೋಸ್ಟರ್, ಅದೇ ತಿಂಗಳ ವಾರ್ಡುವಾರು ರಾತ್ರಿ ಸೆನ್ಸಸ್, ಇವೆರಡನ್ನು ಕೇಳಿದರೆ ಸಾಕು. ರೋಗಿಗಳ ಹೆಸರಿನ ಅಗತ್ಯವೇ ಇಲ್ಲ. ಗದಗ ಜಿಲ್ಲೆಯ ಮಟ್ಟಿಗೆ ಅರ್ಜಿ ಹಾಕಲು ನಾನು ಸಿದ್ಧನಿದ್ದೇನೆ.

ನರ್ಸಿಂಗ್ ಹೋಂ ವ್ಯವಸ್ಥಾಪಕ (ಹುಬ್ಬಳ್ಳಿ), ಉತ್ತರ:

ಬೇಡಿಕೆ ನ್ಯಾಯವಾದದ್ದೇ. ಆದರೆ 25–30 ಮಂಚದ ಸಣ್ಣ ಆಸ್ಪತ್ರೆ ನಡೆಸುವವರ ಕಷ್ಟವನ್ನೂ ನೋಡಬೇಕು. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ಚಿಕಿತ್ಸೆಯ ದರ ಮೊದಲೇ ನಿಗದಿಯಾಗಿರುತ್ತದೆ. ಸಿಬ್ಬಂದಿ ಹೆಚ್ಚಿಸಿದ ಖರ್ಚನ್ನು ಎಲ್ಲಿಂದ ಭರಿಸುವುದು? ಎಲ್ಲ ರೋಗಿಗಳಿಗೂ ಒಂದೇ ಅನುಪಾತವೂ ಸರಿಯಲ್ಲ. ನಾಳೆ ಮನೆಗೆ ಹೋಗುವ ಹರ್ನಿಯಾ ರೋಗಿಗೂ, ಸೋಂಕು ಉಲ್ಬಣಿಸಿ ಸೆಪ್ಸಿಸ್ ಆದವರಿಗೂ ಬೇಕಾಗುವ ಆರೈಕೆ ಬೇರೆ ಬೇರೆ. ಜೊತೆಗೆ, ತರಬೇತಿಯಾದ ನರ್ಸುಗಳು ಅನುಭವ ಪಡೆದ ಕೂಡಲೇ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ.

ಹೆಸರು ಬೇಡ (ಹುಬ್ಬಳ್ಳಿ), ಉತ್ತರ:

ವ್ಯವಸ್ಥಾಪಕ ಸರ್, ಹೋಗುವವರು ಯಾಕೆ ಹೋಗುತ್ತಾರೆ ಎಂಬುದನ್ನೂ ತಾವು ಬರೆಯಬೇಕಿತ್ತು. ಖಾಸಗಿ ಆಸ್ಪತ್ರೆಗಳ ನರ್ಸುಗಳ ವೇತನದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಮಂಚದ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಮಂಚವಿದ್ದರೆ ಸರ್ಕಾರಿ ನರ್ಸುಗಳಿಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಕೇರಳದ ನರ್ಸುಗಳು ಬೀದಿಗಿಳಿದು ಹೋರಾಡಿದ್ದರಿಂದ ಅಲ್ಲಿನ ಸರ್ಕಾರ 2018ರಲ್ಲಿ 20,000ದ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ನಾನು ಮೊದಲು ಸೇರಿದ ಕಡೆ ಅದರ ಅರ್ಧದಷ್ಟೂ ಸಿಗುತ್ತಿರಲಿಲ್ಲ. ಮೂಲ ಅಂಕಪಟ್ಟಿಗಳನ್ನು ಅವರೇ ಇಟ್ಟುಕೊಂಡಿದ್ದರು, ರಾತ್ರಿ ಬರಬೇಕಾದವರು ಬಾರದಿದ್ದರೆ ಹಗಲಿನವರೇ ಮುಂದುವರಿಯಬೇಕಿತ್ತು. ಹದಿನಾರು ತಾಸು ನಿಂತವಳ ಕೈಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತುಂಬಿದ ಸಿರಿಂಜ್ ಇರುವುದು ಸಂಬಳದ ಪ್ರಶ್ನೆಯಷ್ಟೇ ಅಲ್ಲ, ರೋಗಿಯ ಜೀವದ ಪ್ರಶ್ನೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಪಾಳಿವಾರು ರೋಸ್ಟರನ್ನು ಪರಿಶೀಲಿಸಬೇಕೆಂಬುದನ್ನೂ ನಿಮ್ಮ ಮನವಿಯಲ್ಲಿ ಸೇರಿಸಿಕೊಳ್ಳಿರಿ. ಖಾಸಗಿಯವರಾದ ನಮಗೆ ಸಂಘವೂ ಇಲ್ಲ.

ಸಾಧನಕೇರಿ ಅಕ್ಕ, ಮತ್ತೆ:

ವ್ಯವಸ್ಥಾಪಕರು ಹೇಳಿದ ಒಂದು ಮಾತು ನಿಜ: ರೋಗದ ತೀವ್ರತೆಯನ್ನು ನೋಡಬೇಕು. ಆದರೆ ಅದು ಕನಿಷ್ಠ ಮಿತಿಯ ಮೇಲೆ ಸಿಬ್ಬಂದಿಯನ್ನು ಹೆಚ್ಚಿಸಲು ಕಾರಣವಾಗಬೇಕು, ಆ ಮಿತಿಯನ್ನೇ ಕೈಬಿಡಲು ನೆಪವಾಗಬಾರದು. ಖರ್ಚಿನ ಮಾತಿಗೆ: ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ಬಗ್ಗೆ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವಿನ ಸಂಭವ ಶೇ. 7ರಷ್ಟು ಹೆಚ್ಚುವುದು ಕಂಡುಬಂತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ ಬಂತು. ನಮ್ಮಲ್ಲಿ ಒಬ್ಬ ರೋಗಿಯಲ್ಲ, ಇಪ್ಪತ್ತು ರೋಗಿಗಳು ಹೆಚ್ಚಿರುತ್ತಾರೆ. ಯೋಜನೆಯ ದರ ಸಾಲದೆಂದಾದರೆ ದರ ಪರಿಷ್ಕರಣೆಗೆ ವ್ಯವಸ್ಥಾಪಕರೂ ನಮ್ಮ ಜೊತೆ ಸಹಿ ಹಾಕಲಿ.

ವರದಾತೀರ, ಮತ್ತೆ:

ಅಕ್ಕಾ, ತಮ್ಮ 6 ಮತ್ತು 27ರ ಲೆಕ್ಕವನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹಿರಿಯ ಸಿಸ್ಟರ್‌ಗಳೂ ಒಪ್ಪಿದ್ದಾರೆ. ಮನವಿಯ ಮೊದಲ ಸಾಲಿನಲ್ಲಿಯೇ ‘ಪ್ರತಿ ಪಾಳಿಯಲ್ಲಿ’ ಎಂಬುದು ಬರುವಂತೆ ತಿದ್ದಿದ್ದೇವೆ, ರಾತ್ರಿ ಇಬ್ಬರು ಎಂಬುದನ್ನು ಮೊದಲ ಬೇಡಿಕೆಯಾಗಿ ಇಟ್ಟಿದ್ದೇವೆ, ಖಾಸಗಿ ಆಸ್ಪತ್ರೆಗಳ ಪರಿಶೀಲನೆಯನ್ನೂ ಸೇರಿಸಿದ್ದೇವೆ. ಉತ್ತರ ಬಾರದಿದ್ದರೆ ಕಪ್ಪು ಪಟ್ಟಿ ಧರಿಸಿಯೇ ಕೆಲಸ ಮಾಡುವುದು, ಹೆರಿಗೆ ಕೋಣೆ, ತುರ್ತು ವಿಭಾಗ, ತೀವ್ರ ನಿಗಾ ಘಟಕಗಳ ಸೇವೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದು ತೀರ್ಮಾನವಾಗಿದೆ. ಮುಂಡರಗಿಯ ಸರ್, ತಾವು ಬರೆದಂತೆಯೇ ಹಾವೇರಿ ಜಿಲ್ಲೆಗೂ ಒಂದು ಅರ್ಜಿ ಬೇಕಾಗಿದೆ. ರಾಣೆಬೆನ್ನೂರು, ಶಿಗ್ಗಾವಿ, ಹಾನಗಲ್ ಕಡೆಯ ನಾಗರಿಕರು ಯಾರಾದರೂ ಸಹಿ ಹಾಕಲು ಮುಂದೆ ಬರುವುದಾದರೆ ಇಲ್ಲಿಯೇ ತಿಳಿಸಿ. ಅರ್ಜಿಯ ಒಕ್ಕಣೆಯನ್ನು ನಾವು ಸಿದ್ಧಪಡಿಸಿ ಕೊಡುತ್ತೇವೆ.