ಪದಚರ್ಚೆ: ‘ಒರೆಸು’ವುದಕ್ಕೆ ಮೊದಲಿನ ಕೆಲಸಕ್ಕೆ ಯಾವ ಕ್ರಿಯಾಪದ?

ಬಳಗದವರೆಲ್ಲರಿಗೂ ತಮಿಳುನಾಡಿನ ಹೊಸೂರಿನಿಂದ ನಮಸ್ಕಾರ.

ಒಂದು ಫಲಕದ ಮೇಲೆ ಬರೆಸಬೇಕಾದ ಕೆಲವು ಕ್ರಿಯಾಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಫಲಕ ಇಲ್ಲಿಯ ಒಂದು ಗ್ರಾನೈಟ್ ಕಾರ್ಖಾನೆಯದು. ದೊಡ್ಡ ಕಲ್ಲುಗಳನ್ನು ಹಲಗೆಗಳಾಗಿ ಕೊಯ್ದು, ಉಜ್ಜಿ ಹೊಳಪು ಕೊಡುವ ಜಾಗ. ಅಲ್ಲಿನ ಭದ್ರತಾ ಕ್ಯಾಮೆರಾಗಳನ್ನು ಶುಚಿ ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಲು ನನ್ನನ್ನು ಕೇಳಿದ್ದಾರೆ. ತಮಿಳು, ತೆಲುಗು ಸಾಲುಗಳನ್ನು ಬೇರೆಯವರು ಬರೆಯುತ್ತಿದ್ದಾರೆ. ತಳಿ, ಅಂಚೆಟ್ಟಿ, ಬಾಗಲೂರು ಕಡೆಯಿಂದ ಕೆಲಸಕ್ಕೆ ಬರುವ ಅನೇಕರ ಮನೆಮಾತು ಕನ್ನಡ. ಆದರೆ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯ್ದೆ ಇಲ್ಲಿ ಬಂದ ಮೇಲೆ ಶಾಲೆಗೆ ಸೇರಿದ ಎಳೆಯರಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಫಲಕವನ್ನು ಹಿರಿಯನೊಬ್ಬ ಓದಿ ಹೇಳುತ್ತಾನೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಅಲ್ಲಿಯ ಪ್ರತಿಯೊಂದು ಪದವೂ ಮನೆಯಲ್ಲಿ ಕೇಳಿದ ಪದವೇ ಆಗಿರಬೇಕು. ಪಠ್ಯಪುಸ್ತಕದ ಕನ್ನಡ ಇಲ್ಲಿ ಕೆಲಸಕ್ಕೆ ಬಾರದು.

ಈಗಿರುವ ಫಲಕದಲ್ಲಿ ಒಂದೇ ಸಾಲು ಇದೆ: ‘ಕ್ಯಾಮೆರಾ ಲೆನ್ಸನ್ನು ವಾರಕ್ಕೊಮ್ಮೆ ಮೆಲ್ಲಗೆ ಒರೆಸಿ ಸ್ವಚ್ಛಗೊಳಿಸಿ.’ ವ್ಯಾಕರಣದಲ್ಲಿ ಕೊರತೆಯೇನಿಲ್ಲ. ಕೇಳಿಸಿಕೊಂಡ ಹುಡುಗನೊಬ್ಬ ಹೇಳಿದಂತೆಯೇ ಮಾಡಿದ. ಏಣಿ ಹತ್ತಿ, ಹೆಗಲ ಮೇಲಿದ್ದ ಒಣ ಟವೆಲ್ಲಿನಿಂದ, ಯಾವ ಆತುರವೂ ಇಲ್ಲದೆ ಸುತ್ತಲೂ ಒರೆಸಿದ. ಹಗಲಿನಲ್ಲಿ ಚಿತ್ರ ಚೆನ್ನಾಗಿಯೇ ಕಾಣಿಸಿತು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಪರದೆಯ ತುಂಬ ಬಿಳಿ ಬಳೆಗಳು. ಬಟ್ಟೆ ತಿರುಗಿದ ದಾರಿಯುದ್ದಕ್ಕೂ ಗುಮ್ಮಟದ, ಅಂದರೆ ಕ್ಯಾಮೆರಾದ ಮುಂದಿರುವ ಪಾರದರ್ಶಕ ಗುಂಡು ಮುಚ್ಚಳದ, ಮೇಲೆ ಕೂದಲೆಳೆಯಂಥ ಗೀರುಗಳು ಬಿದ್ದಿದ್ದವು. ಬೆಳಕು ಅವುಗಳಿಗೆ ಬಡಿದು ಕ್ಯಾಮೆರಾದೊಳಕ್ಕೇ ಮರಳುತ್ತಿತ್ತು. ಹುಡುಗನಿಗೆ ಬೈಗುಳ ಸಿಕ್ಕಿತು. ಅವನದು ತಪ್ಪೆಂದು ನಾನು ಒಪ್ಪುವುದಿಲ್ಲ. ಫಲಕ ಹೇಳಿದ್ದನ್ನು ಅವನು ಮಾಡಿದ. ಹೇಳಬೇಕಾದದ್ದನ್ನು ಫಲಕ ಹೇಳಿರಲಿಲ್ಲ.

ಅಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಪದದ ಆಯ್ಕೆ ಅದನ್ನೇ ಅವಲಂಬಿಸಿದೆ. ಗ್ರಾನೈಟ್ ಎಂದರೆ ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ಖನಿಜಗಳ ಗಡಸುತನವನ್ನು ಅಳೆಯಲು ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕದಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6. ಸಾಮಾನ್ಯ ಗಾಜು 5.5ರ ಆಸುಪಾಸಿನಲ್ಲಿದೆ. ಅಂಕಿ ಹೆಚ್ಚಿರುವುದು ಕಡಿಮೆಯಿರುವುದನ್ನು ಗೀರುತ್ತದೆ. ಕ್ಯಾಮೆರಾಗಳ ಗುಮ್ಮಟವಂತೂ ಗಾಜೇ ಅಲ್ಲ, ಹೆಚ್ಚಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು; ಸುತ್ತಿಗೆ ಏಟು ತಡೆಯುತ್ತದೆ, ಗೀರನ್ನು ತಡೆಯುವುದಿಲ್ಲ. ಹೀಗಿರುವಾಗ ಕಲ್ಲುಪುಡಿ ಕುಳಿತ ಗುಮ್ಮಟದ ಮೇಲೆ ಒಣಬಟ್ಟೆ ಆಡಿಸಿದರೆ ಆ ಬಟ್ಟೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ. ಬಟ್ಟೆ ಎಷ್ಟೇ ನಯವಾಗಿರಲಿ, ಗೀರುವುದು ಪುಡಿ.

ಆದ್ದರಿಂದ ಕ್ರಮ ಬೇರೆ. ಮೊದಲು ಸಡಿಲವಾಗಿರುವ ಪುಡಿಯನ್ನು ಬಟ್ಟೆ ತಾಗಿಸದೆಯೇ ತೆಗೆಯಬೇಕು, ಒಣಗಿ ಅಂಟಿದ್ದನ್ನು ನೀರಿನಿಂದ ಸಡಿಲಿಸಬೇಕು, ಕೊನೆಗೆ ಒರೆಸಬೇಕು. ಕನ್ನಡದಲ್ಲಿ ನಾವು ಈ ಮೂರನ್ನೂ ‘ಒರೆಸು’ ಎಂಬ ಒಂದೇ ಮಾತಿಗೆ ಹೊರಿಸಿಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲೇ. ಮೊದಲ ಎರಡು ಹೆಜ್ಜೆಗಳಿಗೆ ಬೇರೆ ಬೇರೆ ಕ್ರಿಯಾಪದ ಕೊಡದಿದ್ದರೆ ಕೇಳುವವನು ನೇರವಾಗಿ ಮೂರನೆಯದಕ್ಕೇ ಕೈಹಾಕುತ್ತಾನೆ.

‘ಒರೆಸು’ ಬಗ್ಗೆ ಇನ್ನೊಂದು ಚಿಂತೆಯೂ ಇದೆ. ಅದರ ಬುಡದಲ್ಲಿರುವ ‘ಒರೆ’ ಎಂಬುದಕ್ಕೆ ಉಜ್ಜುವ ಅರ್ಥವಿದೆ. ಅಕ್ಕಸಾಲಿಗನ ಒರೆಗಲ್ಲು, ‘ಒರೆಗೆ ಹಚ್ಚು’ ಎಲ್ಲವೂ ಅದರ ಬಳಗವೇ. ತಮಿಳಿನ ‘ಉರಸು’ ಈಗಲೂ ಒಂದಕ್ಕೊಂದು ತಾಗಿ ಉಜ್ಜುವುದನ್ನೇ ಹೇಳುತ್ತದೆ. ಇಲ್ಲಿಯ ಮೇಲ್ವಿಚಾರಕರಲ್ಲಿ ಬಹಳಷ್ಟು ಜನ ತಮಿಳರು. ನಮ್ಮವರು ‘ಒರೆಸು’ ಎಂದದ್ದು ಅವರ ಕಿವಿಗೆ ‘ಉರಸು’ ಎಂದು ಬಿದ್ದರೆ ಅರ್ಥವೇ ತಿರುಗಿತು. ಒರೆಸುವುದಕ್ಕೆ ತಮಿಳಿನವರು ‘ತುಡೈ’ ಎನ್ನುತ್ತಾರೆ, ಮಲಯಾಳದವರು ‘ತುಡಯ್ಕುಕ’, ತೆಲುಗರು ‘ತುಡುಚು’. ನಮ್ಮಲ್ಲೂ ಅದೇ ಮೂಲದ ‘ತೊಡೆ’ ಇದೆ. ನೆರೆಯ ಮೂವರೂ ದಿನಬಳಕೆಯಲ್ಲಿ ಇಟ್ಟುಕೊಂಡಿರುವ ಪದವನ್ನು ನಾವು ಭಾಷಣಕ್ಕೆ ಬಿಟ್ಟುಕೊಟ್ಟಿದ್ದೇವೆ: ಬಡತನವನ್ನು ತೊಡೆದುಹಾಕುತ್ತೇವೆ, ಕಣ್ಣೀರನ್ನು ತೊಡೆಯುತ್ತೇವೆ, ಗಾಜನ್ನು ಮಾತ್ರ ತೊಡೆಯುವುದಿಲ್ಲ. ಅದನ್ನು ಮರಳಿ ತರಬೇಕೆಂಬ ಆಸೆ ನನಗೂ ಇದೆ, ಆದರೆ ಕಾರ್ಖಾನೆಯ ಫಲಕ ಅದಕ್ಕೆ ಜಾಗವಲ್ಲ. ‘ಗಾಜು ತೊಡೆಯಿರಿ’ ಎಂದರೆ ನಮ್ಮ ಊರುಗಳಲ್ಲಿ ಯಾರಿಗೂ ಅರ್ಥವಾಗದು. ಹಾಗಾಗಿ ಕೊನೆಯ ಹೆಜ್ಜೆಗೆ ‘ಒರೆಸು’ವೇ ಇರಲಿ, ಅದಕ್ಕೆ ಕಾವಲು ಪದಗಳನ್ನು ಸೇರಿಸೋಣ.

ಈಗ ಮೊದಲ ಹೆಜ್ಜೆ. ‘ಕೊಡವು’ ಎಂದು ಬರೆಯಲು ಹೊರಟೆ. ಆದರೆ ಕೊಡವುವುದು ಹೊದಿಕೆಯನ್ನು, ಚೀಲವನ್ನು. ಕೈಯಲ್ಲಿ ಹಿಡಿದು ಅಲುಗಾಡಿಸಬಲ್ಲ ವಸ್ತುವನ್ನು. ‘ಒದರು’ ಕೂಡ ಹಾಗೆಯೇ. ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಕ್ಯಾಮೆರಾವನ್ನು ಕೊಡವಲು ಹೋದರೆ ಅದರ ದಿಕ್ಕು ತಪ್ಪುತ್ತದೆ. ‘ಜಾಡಿಸು’ ಎಲ್ಲರಿಗೂ ಗೊತ್ತು, ಅದರಲ್ಲಿ ಮಾತ್ರ ರಭಸವಿದೆ. ಬಟ್ಟೆಯನ್ನು ಬೀಸಿ ಹೊಡೆಯುವ ಚಿತ್ರ ಕಣ್ಣಿಗೆ ಬರುತ್ತದೆ, ಬೈಯುವುದಕ್ಕೂ ಒದೆಯುವುದಕ್ಕೂ ಅದೇ ಮಾತು. ‘ಗುಡಿಸು’ ನೆಲಕ್ಕೆ ಸಲ್ಲುವ ಪದ. ‘ಸವರು’ ಎಂಬುದರಲ್ಲಿ ಹಗುರವಾದ ಕೈಯಿದೆ, ನನಗೆ ಬಹಳ ಇಷ್ಟವಾಗಿತ್ತು. ಆದರೆ ಎಣ್ಣೆ ಸವರುತ್ತೇವೆ, ಮುಲಾಮು ಸವರುತ್ತೇವೆ. ‘ಬ್ರಷ್ಷಿನಿಂದ ಸವರಿ’ ಎಂದು ಕೇಳಿದವನು ‘ಏನನ್ನು ಸವರಬೇಕು?’ ಎಂದು ಕೇಳುವುದು ನ್ಯಾಯವೇ.

‘ಊದು’ ಎಂಬ ಪದವನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಕನ್ನಡದಲ್ಲಿ ಊದುವುದು ಬಾಯಿಯಿಂದ: ಒಲೆ ಊದುತ್ತೇವೆ, ಕೊಳಲು ಊದುತ್ತೇವೆ. ಏಣಿಯ ಮೇಲೆ ನಿಂತವನು ಬಾಯಿಯಿಂದ ಊದಿದರೆ ಎಂಜಲ ಹನಿ ಗುಮ್ಮಟಕ್ಕೆ ಅಂಟುತ್ತದೆ, ಅದು ಸಣ್ಣ ತೊಂದರೆ. ಪುಡಿ ತಿರುಗಿ ಅವನ ಮುಖಕ್ಕೇ ಬರುತ್ತದೆ, ಅದು ದೊಡ್ಡದು. ಬೆಣಚಿನ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ಅದನ್ನು ಗುಣಪಡಿಸುವ ಔಷಧಿ ಇಲ್ಲ. ‘ಗಾಳಿ ಹೊಡೆ’ ಎಂದು ಬರೆದರೆ ಕಂಪ್ರೆಸರಿನ ಗನ್ನು ಎತ್ತಿಕೊಳ್ಳುತ್ತಾರೆ. ಆ ಗಾಳಿಯಲ್ಲಿ ನೀರಿನ ಅಂಶವೂ ಎಣ್ಣೆಯ ಪಸೆಯೂ ಇರುತ್ತವೆ, ಅದರ ರಭಸಕ್ಕೆ ಪುಡಿ ಗುಮ್ಮಟವನ್ನೇ ಗೀರಬಹುದು, ರಬ್ಬರ್ ಸೀಲಿನ ಸಂದಿಗೂ ನುಗ್ಗಬಹುದು. ಬೇಕಾಗಿರುವುದು ಹಿಸುಕಿದರೆ ಗಾಳಿ ಬಿಡುವ ಚಿಕ್ಕ ರಬ್ಬರ್ ಬಲ್ಬು ಮತ್ತು ಮೆತ್ತನೆಯ ಕೂದಲಿನ ಬ್ರಷ್ಷು, ಜೊತೆಗೆ ಮೂಗಿಗೆ ಮಾಸ್ಕು.

ಇವೆರಡಕ್ಕೂ ಹೊಂದುವ ಪದವಾಗಿ ನನಗೆ ತೋಚಿರುವುದು ‘ಉದುರಿಸು’. ಹುಣಸೆಹಣ್ಣು ಉದುರಿಸುತ್ತೇವೆ, ಮರ ಎಲೆ ಉದುರಿಸುತ್ತದೆ. ವಸ್ತು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ, ನಾವು ಬೀಳುವಂತೆ ಮಾಡುತ್ತೇವೆ ಅಷ್ಟೆ. ಮೇಲಿನಿಂದ ಕೆಳಕ್ಕೆ ಬ್ರಷ್ಷು ಆಡಿಸಬೇಕೆಂಬ ಸೂಚನೆಯೂ ಅದರೊಳಗೇ ಇದೆ. ತಮಿಳಿನಲ್ಲಿ ‘ಉದಿರ್’ ಇರುವುದರಿಂದ ಪಕ್ಕದವರಿಗೂ ಹೊಳೆಯುತ್ತದೆ. ‘ಧೂಳು ಹಾರಿಸು’ ಎಂಬುದನ್ನೂ ಯೋಚಿಸಿದೆ. ಆದರೆ ಹಾರಿದ ಧೂಳು ಮತ್ತೆ ಎಲ್ಲೋ ಕೂರುತ್ತದೆ, ಮೂಗಿಗೂ ಹೋಗುತ್ತದೆ. ಉದುರಿಸುವುದೇ ಸರಿ ಎಂದು ನನ್ನ ಮನಸ್ಸು ಹೇಳುತ್ತಿದೆ.

ಎರಡನೆಯ ಹೆಜ್ಜೆ ಕಲ್ಲು ಕೊಯ್ಯುವ ಗರಗಸದ ಹತ್ತಿರದ ಕ್ಯಾಮೆರಾಗಳಿಗೆ ಮುಖ್ಯ. ಅಲ್ಲಿ ಪುಡಿ ನೀರಿನೊಂದಿಗೆ ಬೆರೆತು ಸಿಡಿಯುತ್ತದೆ, ಅವರು ಅದನ್ನು ಸ್ಲರಿ ಎನ್ನುತ್ತಾರೆ. ಒಣಗಿದರೆ ಬೂದುಬಣ್ಣದ ಹಕ್ಕಳೆ. ಉಗುರಿನಿಂದ ಕೆರೆಯಬೇಕೆಂದು ಎಂಥವರಿಗೂ ಅನ್ನಿಸುತ್ತದೆ, ಕೆರೆದರೆ ಗುಮ್ಮಟ ಹಾಳು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಸುಮ್ಮನೆ ಬಿಟ್ಟರೆ ಹಕ್ಕಳೆಯ ಅಂಚು ಮೊದಲು ಕಪ್ಪಾಗುತ್ತದೆ, ಆಮೇಲೆ ಮೇಲೇಳುತ್ತದೆ. ಬಟ್ಟೆಯನ್ನು ಎಳೆಯದೆ ನೇರವಾಗಿ ಎತ್ತಿದರೆ ಬಹುಪಾಲು ಅದರ ಜೊತೆಗೇ ಬರುತ್ತದೆ. ‘ನೆನೆಹಾಕು’ ಎಂದರೆ ಅಕ್ಕಿ, ಬೇಳೆಯಂತೆ ನೀರಿನಲ್ಲಿ ಮುಳುಗಿಸುವುದು, ಆ ಪದ ಬೇಡ. ‘ಒದ್ದೆ ಬಟ್ಟೆ ಹೊದಿಸಿ, ಬಿಟ್ಟುಕೊಳ್ಳುವವರೆಗೆ ಕಾಯಿರಿ’ ಎಂದು ಬಿಡಿಸಿ ಹೇಳುವುದೇ ವಾಸಿ. ‘ಬಿಟ್ಟುಕೊಳ್ಳು’ ಇಲ್ಲಿಯ ಜನ ದಿನವೂ ಆಡುವ ಮಾತು.

ಇನ್ನು ‘ಮೆಲ್ಲಗೆ’. ಈ ಪದವೇ ಹುಡುಗನನ್ನು ದಾರಿ ತಪ್ಪಿಸಿದ್ದು. ಕನ್ನಡದ ಮೆಲ್ಲಗೆ, ತಮಿಳಿನ ಮೆಲ್ಲ, ತೆಲುಗಿನ ಮೆಲ್ಲಗಾ, ಮೂರರಲ್ಲೂ ನಿಧಾನ ಮತ್ತು ಮೃದು ಎರಡೂ ಅರ್ಥ ಸೇರಿಕೊಂಡಿವೆ. ಅವನು ನಿಧಾನವಾಗಿ ಒರೆಸಿದ, ಆದರೆ ಒತ್ತಿ ಒರೆಸಿದ. ಗೀರು ಬೀಳುವುದು ವೇಗದಿಂದಲ್ಲ, ಒತ್ತಡದಿಂದ. ‘ಹಗುರವಾಗಿ’ ಎನ್ನಬಹುದು, ‘ನಯವಾಗಿ’ ಎನ್ನಬಹುದು. ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ‘ಅಮುಕದೆ’. ಅದರಲ್ಲಿ ಎರಡನೆಯ ಅರ್ಥಕ್ಕೆ ಎಡೆಯಿಲ್ಲ. ತಮಿಳಿನಲ್ಲೂ ‘ಅಮುಕ್ಕು’ ಇದೆ.

ಹಾಗೆಯೇ ‘ಉಜ್ಜಬೇಡಿ’ ಎಂದು ಪ್ರತ್ಯೇಕವಾಗಿ ಬರೆಯಲೇಬೇಕು. ಈ ಕಾರ್ಖಾನೆಯಲ್ಲಿ ಉಜ್ಜುವುದೇ ಕಸುಬು. ದಪ್ಪ ಕಣದ ಸಾಣೆಯಿಂದ ಸಣ್ಣ ಕಣದ ಸಾಣೆಗೆ ಬದಲಿಸುತ್ತ, ಉಜ್ಜಿದಷ್ಟೂ ಕಲ್ಲು ಹೊಳೆಯುತ್ತದೆ ಎಂಬುದನ್ನು ಅವರ ಕೈಗಳು ಕಲಿತುಕೊಂಡಿವೆ. ಮಬ್ಬಾದದ್ದನ್ನು ಕಂಡರೆ ಆ ಕೈಗಳು ತಾವಾಗಿಯೇ ಉಜ್ಜುತ್ತವೆ. ಕಣ್ಣಿಗೆ ಕಸ ಬಿದ್ದಾಗ ಉಜ್ಜಬೇಡ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಹಿರಿಯನು ಫಲಕ ಓದುವಾಗ ಆ ಮಾತನ್ನೂ ಸೇರಿಸಿ ಹೇಳಿದರೆ ಮನಸ್ಸಿಗೆ ನಾಟುತ್ತದೆ.

‘ಲೆನ್ಸ್’ ಪದವನ್ನೂ ಬಿಡಬೇಕು ಎನ್ನಿಸುತ್ತದೆ. ‘ಮಸೂರ’ ಯಾರಿಗೂ ಬೇಡ. ಒರೆಸುವುದು ನಿಜವಾಗಿ ಲೆನ್ಸನ್ನಲ್ಲ, ಅದರ ಮುಂದಿರುವ ಗಾಜನ್ನೋ ಗುಮ್ಮಟವನ್ನೋ. ಲೆನ್ಸ್ ಎಂದು ಬರೆದರೆ ಯಾರಾದರೂ ಸ್ಕ್ರೂ ಬಿಚ್ಚಿ ಒಳಗಿನದನ್ನು ಮುಟ್ಟಿಯಾರು. ಸೀಲು ಸರಿಯಾಗಿ ಕೂರದಿದ್ದರೆ ಆಮೇಲೆ ಧೂಳು ಒಳಗೇ ಸೇರುತ್ತದೆ. ‘ಮುಂಗಾಜು’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಮುಂಗೈ, ಮುಂಬಾಗಿಲು ಇರುವವರಿಗೆ ಮುಂಗಾಜು ಹೊರೆಯಾಗದು. ಬಟ್ಟೆಗೆ ‘ಕನ್ನಡಕದ ಬಟ್ಟೆ’ ಎಂದರೆ ಮೈಕ್ರೋಫೈಬರ್ ಎನ್ನುವುದಕ್ಕಿಂತ ಬೇಗ ತಿಳಿಯುತ್ತದೆ. ಯಂತ್ರ ಒರೆಸುವ ಬನಿಯನ್ ವೇಸ್ಟನ್ನೂ ಥಿನ್ನರನ್ನೂ ಬೇಡವೆಂದು ಹೆಸರಿಸಿಯೇ ಹೇಳಬೇಕು. ಥಿನ್ನರ್ ತಾಗಿದ ಪಾಲಿಕಾರ್ಬೊನೇಟ್ ಮಬ್ಬಾಗಿ ಸಣ್ಣದಾಗಿ ಬಿರಿಯುತ್ತದೆ.

ಸದ್ಯಕ್ಕೆ ನಾನು ಬರೆದಿರುವ ಪಾಠ ಇದು: ‘ಬಟ್ಟೆ ತಾಗಿಸುವ ಮೊದಲು ಧೂಳು ಉದುರಿಸಿ. ಅಂಟಿದ ಕೆಸರಿಗೆ ಒದ್ದೆ ಬಟ್ಟೆ ಹೊದಿಸಿ, ಬಿಟ್ಟುಕೊಳ್ಳುವವರೆಗೆ ಕಾಯಿರಿ. ನೀರು ಹಿಂಡಿದ ಕನ್ನಡಕದ ಬಟ್ಟೆಯಿಂದ ಮುಂಗಾಜನ್ನು ನಡುವಿನಿಂದ ಅಂಚಿಗೆ ಅಮುಕದೆ ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಉಜ್ಜಬೇಡಿ. ಬನಿಯನ್ ವೇಸ್ಟ್, ಥಿನ್ನರ್ ಬೇಡ.’

ಕಾಸರಗೋಡಿನ ಮಂಜೇಶ್ವರ, ಬದಿಯಡ್ಕ ಕಡೆಯವರು ಪುಡಿಗೆ ‘ಹುಡಿ’ ಎನ್ನುವುದನ್ನು ಕೇಳಿದ್ದೇನೆ. ಕೆಂಪುಕಲ್ಲು ಕೊಯ್ಯುವ ಜಾಗಗಳಲ್ಲಿ ಹುಡಿಯನ್ನು ತಾಗದಂತೆ ತೆಗೆಯುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ? ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಗೆಳೆಯರಿಗೆ ‘ಉದುರಿಸು’ ಈ ಅರ್ಥದಲ್ಲಿ ಸಹಜವಾಗಿ ಕೇಳಿಸುತ್ತದೆಯೇ, ಅಥವಾ ‘ಝಾಡಿಸು’ವೇ ಮೊದಲು ಬಾಯಿಗೆ ಬರುತ್ತದೆಯೇ? ಆಂಧ್ರದ ಮಡಕಶಿರಾ, ರಾಯದುರ್ಗದವರು ತೆಲುಗಿನ ಜೊತೆ ಬದುಕುವವರು. ‘ಅಮುಕದೆ’ ನಿಮ್ಮ ಕಡೆಯೂ ನೇರವಾಗಿ ತಿಳಿಯುತ್ತದೆಯೇ ಎಂದು ಹೇಳಿದರೆ ಉಪಕಾರ. ‘ಮುಂಗಾಜು’ ಒಪ್ಪಿಗೆಯಾಗದವರು ಬೇರೆ ಪದ ಸೂಚಿಸಿ, ಆದರೆ ಓದು ಬಾರದವರ ಎದುರು ಒಮ್ಮೆ ಆಡಿ ನೋಡಿ ಸೂಚಿಸಿ.

ಉತ್ತರಗಳನ್ನು ಆಯುಧಪೂಜೆಗೆ ಮುಂಚೆ ಬರೆದರೆ ಒಳ್ಳೆಯದು. ಆ ದಿನ ಕಾರ್ಖಾನೆಯಲ್ಲಿ ಎಲ್ಲವನ್ನೂ ಪೈಪಿನ ನೀರಿನಲ್ಲಿ ತೊಳೆದು, ಒರೆಸಿ, ವಿಭೂತಿ ಕುಂಕುಮ ಇಡುತ್ತಾರೆ, ಕ್ಯಾಮೆರಾಗಳಿಗೂ. ಅಷ್ಟರೊಳಗೆ ಹೊಸ ಫಲಕ ಗೋಡೆಯ ಮೇಲಿರಬೇಕೆಂದು ಬಣ್ಣದವರಿಗೆ ಹೇಳಿಟ್ಟಿದ್ದೇವೆ.