ದೇವಿಮನೆ ಘಾಟ್ ಹತ್ತಿದರೆ ಜೀಪಿನ ಕೂಲೆಂಟ್ ಇಳಿಯುತ್ತದೆ, ಎಲ್ಲಿ ಸೋರುತ್ತಿರಬಹುದು?

ಪ್ರಶ್ನೆ (ಶಿರಸಿ): ನಮ್ಮದು 1998ರ ಡೀಸೆಲ್ ಜೀಪು. ಅಪ್ಪ ಕೊಂಡಿದ್ದು, ತೋಟಕ್ಕೆ ಗೊಬ್ಬರ, ಪೇಟೆಗೆ ಅಡಿಕೆ ಎಲ್ಲ ಇದರಲ್ಲೇ. ಕುಮಟಾಕ್ಕೆ ಹೋಗಿ ಘಾಟ್ ಹತ್ತಿ ಬಂದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಅರ್ಧ ಲೀಟರ್ ಕಡಿಮೆ. ಹೋಸ್ ಎರಡೂ ಹೊಸದು. ಕೂಲೆಂಟನ್ನು ಇಂಜಿನ್ನಿಗೆ ತಳ್ಳುವ ವಾಟರ್ ಪಂಪ್ ಅಡಿಗೆ ಹಸಿರು ಕಲೆ, ಉಪ್ಪು ಹಿಡಿದ ಹಾಗೆ ಒಣಗಿದೆ. ಇಂಜಿನ್ ಬಿಚ್ಚಬೇಕಾ?

ಉತ್ತರ (ಕುಮಟಾ): ಬೇಡ ಮಾರಾಯ್ರೆ. ಪಂಪಿನ ಅಡಿಗೆ ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದರೆ ಅಲ್ಲಿಂದಲೇ ಹನಿ ಬೀಳುವುದು. ಆ ತೂತು ಮಾತ್ರ ಮುಚ್ಚಬೇಡಿ, ನೀರು ಬೇರಿಂಗಿಗೆ ಹೋಗುತ್ತದೆ. ಇಂಜಿನ್ ಆಫ್ ಮಾಡಿ, ಪಂಪಿನ ತುದಿಗೇ ಕೂರಿಸಿದ ಫ್ಯಾನ್ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಬೇರಿಂಗ್ ಸವೆದಿದೆ, ಪಂಪ್ ಪೂರ್ತಿ ಬದಲಾಯಿಸಿ, ಬೆಲ್ಟ್, ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟ್ ಬಿಡುವ ವಾಲ್ವ್) ಕೂಡ ಅದೇ ಸಲ ಹಾಕಿಬಿಡಿ. ಪಂಪ್ ಕೂರುವ ಜಾಗದ ಹಳೆ ಗ್ಯಾಸ್ಕೆಟ್ (ಸೋರದ ಹಾಗೆ ನಡುವೆ ಇಡುವ ಹಾಳೆ) ಚೂರೂ ಉಳಿಯದ ಹಾಗೆ ಕೆರೆದು ತೆಗೆಯಿರಿ. ನಾನು ಅವಸರ ಮಾಡಿ ವಾರದಲ್ಲೇ ಮತ್ತೆ ಸೋರಿತ್ತು.

ಉತ್ತರ (ಕಾರವಾರ): ರೇಡಿಯೇಟರ್ ಮುಚ್ಚಳವನ್ನೂ ನೋಡಿ, ಇಂಜಿನ್ ತಣ್ಣಗಾದ ಮೇಲೆಯೇ. ರಬ್ಬರ್ ಗಟ್ಟಿಯಾದರೆ ಒತ್ತಡ ನಿಲ್ಲುವುದಿಲ್ಲ. ಬಾವಿ ನೀರು ಸುಮ್ನೆ ಹಾಕಬೇಡಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ಕೂಲೆಂಟ್ ಅದಕ್ಕೆ ಸೇರಿದೆ ಅಂತ, ಆಗ ಇಂಜಿನ್ ಹೆಡ್ ಅಡಿಯ ಗ್ಯಾಸ್ಕೆಟ್ ನೋಡಿಸಬೇಕು.

ಪ್ರಶ್ನೆ ಕೇಳಿದವರು: ಆಯಿಲ್ ಕಪ್ಪಾಗೇ ಇದೆ. ಫ್ಯಾನ್ ಅಲ್ಲಾಡುತ್ತಿದೆ! ನಾಳೆಯೇ ಪಂಪ್ ತರುತ್ತೇನೆ.